ಗೇರ್‌ಬಾಕ್ಸಿಗೆ ತೆಳು, ಹೌಸಿಂಗಿಗೆ ದಪ್ಪ: ಘಾಟಿ ಲಾರಿಗಳ ಆಯಿಲ್ ಲೆಕ್ಕ, ನನ್ನ ಅನುಭವ

ಗೇರ್‌ಬಾಕ್ಸಿಗೂ ಹೌಸಿಂಗಿಗೂ (ಹಿಂದಿನ ಆಕ್ಸಲ್ ನಡುವಿನ ಗೇರ್ ಗೂಡು) ಒಂದೇ ಡಬ್ಬದಿಂದ ಆಯಿಲ್ ಸುರಿಯುವ ಲಾರಿ ಮಾಲೀಕರು ಇದನ್ನು ಓದಿ. ಹಾಗೆ ಮಾಡದವರಿಗೆ ಇಲ್ಲಿ ಹೊಸದು ಕಮ್ಮಿ, ಇಂಜಿನ್ ಆಯಿಲ್ ಭಾಗ ಒಂದನ್ನು ಬಿಟ್ಟರೆ.

ನನ್ನದು ಹಾಸನದ ಕಡೆ. ಮೂರು ಲಾರಿ ಇವೆ. ಎರಡು ಹಳೇ ಬಿಎಸ್-3 ಹತ್ತು ಚಕ್ರದವು, ಒಂದು ಬಿಎಸ್-6 ಹನ್ನೆರಡು ಚಕ್ರದ್ದು (ಬಿಎಸ್ ಅಂದರೆ ಸರ್ಕಾರದ ಹೊಗೆ ನಿಯಮದ ಹಂತ). ಪಣಂಬೂರು ಬಂದರಿನಿಂದ ಗೊಬ್ಬರ, ಕಲ್ಲಿದ್ದಲು ತುಂಬಿಕೊಂಡು ಶಿರಾಡಿ ಹತ್ತಿ ಬರೋದು, ಇಳಿಯುವಾಗ ಮೆಕ್ಕೆಜೋಳವೋ ಮತ್ತೊಂದೋ ಸಿಕ್ಕಿದ್ದು. ಅಂದರೆ ಪೂರ್ತಿ ಲೋಡ್ ಇರುವಾಗಲೇ ಏರು. ಗುಂಡ್ಯ ದಾಟಿದರೆ ಮಾರನಹಳ್ಳಿವರೆಗೆ ಎರಡು, ಮೂರು, ಮತ್ತೆ ಎರಡು ಅಂತ ಗೇರ್ ಬದಲಿಸುತ್ತಲೇ ಇರಬೇಕು. ಬಯಲುಸೀಮೆಯ ನೇರ ರಸ್ತೆಯಲ್ಲಿ ಓಡಿಸುವವರ ಲೆಕ್ಕ ನಮಗೆ ಒಗ್ಗಲ್ಲ.

ನಮ್ಮ ಕಡೆ ಗ್ಯಾರೇಜುಗಳಲ್ಲಿ ರೂಢಿ ಏನು ಅಂದರೆ, 140 ಅನ್ನೋ ದಪ್ಪ ಗೇರ್ ಆಯಿಲ್ ಬಕೆಟ್ ಒಂದು ತರೋದು, ಎರಡಕ್ಕೂ ಅದನ್ನೇ ಹಾಕೋದು. ದಪ್ಪ ಇದ್ದರೆ ಗೇರ್‌ಬಾಕ್ಸ್ ಕೂಗಲ್ಲ, ಹಳೇ ಸೀಲಿನಿಂದ ಸೋರೋದೂ ಕಮ್ಮಿ. ಎರಡೂ ನಿಜವೇ. ಆದರೆ ಒಂದು ಲಾರಿಯಲ್ಲಿ ಎರಡು-ಮೂರನೇ ಗೇರಿನ ಸಿಂಕ್ರೋ ಕೋನು (ಗೇರ್ ಬೀಳುವ ಮುಂಚೆ ಉಜ್ಜಿ ವೇಗ ಸರಿಹೊಂದಿಸುವ ಹಿತ್ತಾಳೆ ಬಳೆ) ಎರಡು ವರ್ಷ ಬಾಳಿದರೆ ಹೆಚ್ಚು ಅನ್ನೋ ಹಾಗಿತ್ತು. ಪ್ರತಿ ಸಲ ಬಿಚ್ಚಿ ಕಟ್ಟೋಕೆ ಸಾಮಾನು, ಕೂಲಿ ಸೇರಿ 35-40 ಸಾವಿರ. ವಾರ ಲಾರಿ ನಿಂತರೆ ಬಾಡಿಗೆ ಹೋಯಿತು, ಇಎಂಐ ಮಾತ್ರ ನಿಲ್ಲಲ್ಲ ಅಲ್ವಾ. ಡ್ರೈವರ್ ಗೇರ್ ಒತ್ತಿ ಹಾಕ್ತಾನೆ ಅಂತ ಎಲ್ಲರೂ ಅವನನ್ನೇ ಬೈದರು. ಡ್ರೈವರ್ ಬದಲಾದ, ಕೋನು ಮತ್ತೆ ಹೋಯಿತು.

ಗುಟ್ಟು ಸಿಕ್ಕಿದ್ದು ಒಂದು ಬಿಳಿ ಪಿಂಗಾಣಿ ತಟ್ಟೆಯಲ್ಲಿ. ಇಳಿಸಿದ ಗೇರ್ ಆಯಿಲನ್ನು ಅದರಲ್ಲಿ ಸ್ವಲ್ಪ ಸುರಿದು ಬಿಸಿಲಿಗೆ ಹಿಡಿದೆ. ಡ್ರೈನ್ ಪ್ಲಗ್ಗಿನ ಮ್ಯಾಗ್ನೆಟ್ಟಿಗೆ ಕಬ್ಬಿಣದ ಪುಡಿ ಅಷ್ಟೇನೂ ಅಂಟಿರಲಿಲ್ಲ. ಆದರೆ ತಟ್ಟೆಯಲ್ಲಿ ಹಳದಿ ಮಿಂಚು. ಹಿತ್ತಾಳೆ ಮ್ಯಾಗ್ನೆಟ್ಟಿಗೆ ಅಂಟಲ್ಲ, ಅದಕ್ಕೇ ಮೇಸ್ತ್ರಿ ಪ್ಲಗ್ ನೋಡಿ ಪ್ರತಿ ಸಲ "ಒಳಗೆಲ್ಲ ಚೆನ್ನಾಗಿದೆ" ಅನ್ನುತ್ತಿದ್ದ.

ಡಬ್ಬದ ಮೇಲೆ 90, 140 ಅಂತ ದಪ್ಪದ ಅಂಕಿ ದೊಡ್ಡದಾಗಿ ಇರುತ್ತೆ, ನಾವೆಲ್ಲ ನೋಡೋದು ಅದನ್ನೇ. ಸಣ್ಣಕ್ಷರದಲ್ಲಿ ಜಿಎಲ್-4, ಜಿಎಲ್-5 ಅಂತ ಮದ್ದಿನ ದರ್ಜೆ ಇರುತ್ತಲ್ಲ, ಆಟ ಇರೋದು ಅಲ್ಲಿ. ಹೌಸಿಂಗ್ ಒಳಗಿನ ಕ್ರೌನ್ ಪಿನಿಯನ್ ಗೇರಿನ ಹಲ್ಲುಗಳು ಒಂದರ ಮೇಲೊಂದು ಜಾರುತ್ತಾ ಉಜ್ಜುತ್ತವೆ, ಅದಕ್ಕೆ ಗಂಧಕ-ರಂಜಕದ ಮದ್ದು ಜಾಸ್ತಿ ಇರುವ ಜಿಎಲ್-5 ಬೇಕೇ ಬೇಕು. ಅದೇ ಮದ್ದು ಬಿಸಿಯಲ್ಲಿ ಹಿತ್ತಾಳೆಯನ್ನು ತಿನ್ನುತ್ತೆ. ಇನ್ನೊಂದು, ಸಿಂಕ್ರೋ ಕೆಲಸ ಮಾಡೋದು ಉಜ್ಜಿ ಹಿಡಿದು. ಅಲ್ಲಿ ಅತಿ ಜಾರುವ ಆಯಿಲ್ ಇದ್ದರೆ ಕೋನು ಹಿಡಿಯಲ್ಲ, ಗೇರ್ ಕರ್ ಅನ್ನುತ್ತೆ. ಆಯಿಲ್ ದಪ್ಪ ಇದ್ದರಂತೂ ಬೆಳಗಿನ ಚಳಿಯಲ್ಲಿ ಎರಡನೇ ಗೇರು ಬೀಳೋದೇ ಕಷ್ಟ.

ಹಾಗಾಗಿ ಗೇರ್‌ಬಾಕ್ಸಿಗೆ 80ಡಬ್ಲ್ಯೂ-90 ಜಿಎಲ್-4, ಹೌಸಿಂಗಿಗೆ 85ಡಬ್ಲ್ಯೂ-140 ಜಿಎಲ್-5 ಅಂತ ಬೇರೆ ಮಾಡಿದೆ. ನನ್ನ ಹಳೇ ಲಾರಿಗಳ ಪುಸ್ತಕದಲ್ಲೂ ಹೀಗೇ ಇದೆ, ಯಾರೂ ಬಿಚ್ಚಿ ನೋಡಿರಲಿಲ್ಲ ಅಷ್ಟೇ. ನಿಮ್ಮ ಗೇರ್‌ಬಾಕ್ಸ್ ಬೇರೆ ಕಂಪನಿಯದಾದರೆ ಅದು ಬೇರೆ ಆಯಿಲ್ ಕೇಳಬಹುದು, ನನ್ನದನ್ನು ನೋಡಿ ಹಾಗೇ ಹಾಕಬೇಡಿ. "ಅಣ್ಣಾ, ಈ ನೀರಿನಂಥದ್ದು ಹಾಕಿ ಘಾಟಿ ಹತ್ತಿಸ್ತೀರಾ? ಬೇರಿಂಗ್ ಹೋದ್ರೆ ನನ್ನ ಹತ್ರ ಬರಬೇಡಿ" ಅಂದ ಮೇಸ್ತ್ರಿ. ಚಿಕ್ಕಪ್ಪ ಮೂವತ್ತು ವರ್ಷದಿಂದ ಲಾರಿ ನಡೆಸುವವರು, "ಪುಸ್ತಕ ಓದಿ ಲಾರಿ ಓಡಿಸೋ ಹುಡುಗ" ಅಂತ ಮದುವೆ ಮನೆಯಲ್ಲಿ ನಗಾಡಿದರು.

ಹಳೇದನ್ನು ಬಿಸಿ ಇರುವಾಗಲೇ ಇಳಿಸಿದೆ. ಡೀಸೆಲ್ ಹಾಕಿ ತೊಳೆಯಲಿಲ್ಲ, ಮೂಲೆಯಲ್ಲಿ ಉಳಿದ ಡೀಸೆಲ್ ಹೊಸ ಆಯಿಲನ್ನೂ ಕೆಡಿಸುತ್ತೆ. ಬದಲಿಗೆ ಹೊಸ ಜಿಎಲ್-4 ಹಾಕಿ ಎರಡು ಸಾವಿರ ಕಿಲೋಮೀಟರ್ ಆಸುಪಾಸು ಓಡಿಸಿ, ಅದನ್ನೂ ಇಳಿಸಿ ಮತ್ತೆ ತುಂಬಿದೆ. ಹತ್ತು ಲೀಟರ್ ಚಿಲ್ಲರೆ, ಮೂರು ಸಾವಿರ ರೂಪಾಯಿ ನೆಲಕ್ಕೆ ಚೆಲ್ಲಿದ ಹಾಗೆ ಅಂತ ಮನೆಯಲ್ಲೂ ಬೈದರು. ಮೊದಲ ತಿಂಗಳು ಶಬ್ದ ನಿಜವಾಗಿಯೂ ಜಾಸ್ತಿ ಆಯಿತು. ಮೇಸ್ತ್ರಿಗೆ ಖುಷಿಯೋ ಖುಷಿ. ಆ ಶಬ್ದ ಇಳಿಸೋಕೆ ನಾನು ಏನು ಮಾಡಿದೆ ಅನ್ನೋದು ನನ್ನ ಹತ್ತಿರವೇ ಇರಲಿ. ಡಬ್ಬಿಯ ಮದ್ದೇನೂ ಹಾಕಿಲ್ಲ, ಅಷ್ಟು ಹೇಳ್ತೀನಿ.

ಈಗ ನಾಲ್ಕು ವರ್ಷದ ಮೇಲಾಯಿತು. ಹೋದ ವರ್ಷ ಸೀಲ್ ಹೋಗಿದ್ದಕ್ಕೆ ಆ ಗೇರ್‌ಬಾಕ್ಸ್ ಬಿಚ್ಚಿದಾಗ ಕೋನುಗಳ ಹಿಡಿತದ ಗೀರು ಸವೆಯದೆ ಇನ್ನೂ ಉಗುರಿಗೆ ಸಿಗುತ್ತಿತ್ತು. ಮೇಸ್ತ್ರಿ ತಿರುಗಿಸಿ ತಿರುಗಿಸಿ ನೋಡಿ, ಮಾತಾಡದೆ ವಾಪಸ್ ಜೋಡಿಸಿದ. ಅವನೇ ಈಗ ಬೇರೆಯವರಿಗೆ ಜಿಎಲ್-4 ತನ್ನಿ ಅಂತಾನೆ. ನನ್ನ ಹೆಸರು ಹೇಳಲ್ಲ, ಪರವಾಗಿಲ್ಲ.

ಹೌಸಿಂಗಿನಲ್ಲಿ ಸುಮ್ನೆ ಕೆಲವು ಪ್ರಯೋಗ ಮಾಡಿದೆ. ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುವ ಗನ್ ಮನೆಯಲ್ಲಿತ್ತು, ಅದು ಜ್ವರದ ಮಟ್ಟ ದಾಟಿದರೆ ಕೈಯೆತ್ತುತ್ತೆ. ಸಾವಿರದೈನೂರು ಕೊಟ್ಟು ಗ್ಯಾರೇಜ್ ಗನ್ ತಂದು, ಮಾರನಹಳ್ಳಿ ಹತ್ತಿರ ನಿಲ್ಲಿಸಿ ಹೌಸಿಂಗ್ ಹೊಟ್ಟೆಗೆ ಹಿಡಿಯೋದು. 140 ಹಾಕಿದಾಗ 95ರ ಆಸುಪಾಸು. 80ಡಬ್ಲ್ಯೂ-90 ಜಿಎಲ್-5 ಹಾಕಿ ನೋಡಿದೆ: ಹಾಸನ-ಬೆಂಗಳೂರು ರಸ್ತೆಯಲ್ಲಿ ನಾಲ್ಕೈದು ಡಿಗ್ರಿ ತಣ್ಣಗೆ, ಘಾಟಿಯಲ್ಲಿ ಪೂರ್ತಿ ಲೋಡಿಗೆ 100 ದಾಟಿತು. ಘಾಟಿಗೆ 140 ಸಾಕು ಅಂತ ವಾಪಸ್ ಬಂದೆ. ಒಂದು ಸಲ ಸಿಂಥೆಟಿಕ್ 75ಡಬ್ಲ್ಯೂ-90 ಹಾಕಿದೆ. ಲೀಟರಿಗೆ 700 ಮೇಲೆ. ಡೀಸೆಲ್ ಉಳಿಯುತ್ತೆ ಅಂದಿದ್ದರು. ವರ್ಷಕ್ಕೆ 80 ಸಾವಿರ ಕಿಲೋಮೀಟರ್, ಮೂರೂವರೆ ಆವರೇಜ್ ಅಂದರೆ 23 ಸಾವಿರ ಲೀಟರ್ ಹತ್ತಿರ ಡೀಸೆಲ್. ಅದರಲ್ಲಿ ನೂರಕ್ಕೆ ಒಂದು ಉಳಿದರೂ 20 ಸಾವಿರ ರೂಪಾಯಿ. ಲೆಕ್ಕ ಚೆನ್ನಾಗಿದೆ, ಆದರೆ ಡ್ರೈವರ್ ಕಾಲಿನ ಭಾರ, ಮಳೆ, ಟ್ರಾಫಿಕ್ ಜಾಮ್ ಇವುಗಳ ನಡುವೆ ಆ ಒಂದು ನನ್ನ ಪುಸ್ತಕದಲ್ಲಿ ಎಲ್ಲೂ ಕಾಣಲಿಲ್ಲ. ಬಿಟ್ಟೆ.

ಹೌಸಿಂಗ್ ಬ್ರೀದರ್ (ಒಳಗಿನ ಗಾಳಿ ಹೊರಬಿಡುವ ಸಣ್ಣ ಕಿಂಡಿ) ಮಾತ್ರ ಮರೆಯಬೇಡಿ. ಮಣ್ಣು ಕಟ್ಟಿಕೊಂಡರೆ ಒಳಗಿನ ಒತ್ತಡಕ್ಕೆ ಆಯಿಲ್ ಹಬ್ ಸೀಲ್ ತಳ್ಳಿ ಬ್ರೇಕ್ ಲೈನರಿಗೆ ಬರುತ್ತೆ. ಶಿರಾಡಿ ಇಳಿಯುವಾಗ ಲೈನರ್ ಮೇಲೆ ಆಯಿಲ್ ಅಂದರೆ ಏನಾಗುತ್ತೆ ಅಂತ ನಿಮಗೆ ಹೇಳಬೇಕಿಲ್ಲ. ನಾನು ಬ್ರೀದರಿಗೆ ಒಂದು ಸಣ್ಣ ಬದಲಾವಣೆ ಮಾಡಿಕೊಂಡಿದ್ದೀನಿ, ಬೇಕಾದವರು ಲಾರಿ ಕೆಳಗೆ ಬಗ್ಗಿ ನೋಡಿಕೊಳ್ಳಿ.

ಇನ್ನು ಇಂಜಿನ್. ಹಳೇ ಇಂಜಿನ್ ಅಂದ ತಕ್ಷಣ 20ಡಬ್ಲ್ಯೂ-50 ಹಾಕೋದು ಇನ್ನೊಂದು ರೂಢಿ. ಹೊಗೆ ಕಮ್ಮಿ ಕಾಣುತ್ತೆ, ಆಯಿಲ್ ಕುಡಿಯೋದೂ ಸ್ವಲ್ಪ ಕಮ್ಮಿ. ಸಕಲೇಶಪುರದಲ್ಲಿ ಡಿಸೆಂಬರ್ ಬೆಳಗ್ಗೆ ಸ್ಟಾರ್ಟ್ ಮಾಡಿ ತಕ್ಷಣ ಎಕ್ಸಲೇಟರ್ ಒತ್ತಿದರೆ ಆ ದಪ್ಪ ಆಯಿಲ್ ಟರ್ಬೋಗೆ ತಲುಪೋದು ತಡ. ಒಂದು ಟರ್ಬೋ ಹಾಗೇ ಹೋಯಿತು, 25 ಸಾವಿರ ಚಿಲ್ಲರೆ. ಆಮೇಲಿಂದ 15ಡಬ್ಲ್ಯೂ-40 ಬಿಟ್ಟು ಬೇರೆ ಹಾಕಿಲ್ಲ.

ಎಲ್ಲರೂ ಜಗಳ ಆಡಿದ್ದು ದಪ್ಪಕ್ಕಲ್ಲ, ಇಂಜಿನ್ ಆಯಿಲಿನ ಗುಣಮಟ್ಟದ ಗ್ರೇಡಿಗೆ. ಹಳೇ ಲಾರಿಗೆ ಸಿಐ-4 ಪ್ಲಸ್, ಬಿಎಸ್-6ಗೆ ಸಿಕೆ-4 ಅಂತ ಎರಡು ಇಡಬೇಕಿತ್ತು. ನಾನು ಮೂರಕ್ಕೂ ಸಿಕೆ-4 ಒಂದೇ ಬ್ಯಾರಲ್ ಮಾಡಿದೆ. "ಬಿಎಸ್-6 ಆಯಿಲಲ್ಲಿ ದಮ್ಮಿಲ್ಲ, ಹಳೇ ಇಂಜಿನ್ ಆಸಿಡ್ ತಿಂದು ಸಾಯುತ್ತೆ" ಅಂದರು. ಬಿಎಸ್-3 ಕಾಲಕ್ಕೆ ಆ ಮಾತು ಸರಿಯೇ. ಆಗ ಡೀಸೆಲ್‌ನಲ್ಲಿ ಗಂಧಕ 350 ಪಿಪಿಎಂವರೆಗೆ ಇರುತ್ತಿತ್ತು. 2020ರ ಏಪ್ರಿಲ್‌ನಿಂದ ದೇಶದಲ್ಲೆಲ್ಲ ಬಂಕಿನಲ್ಲಿ ಸಿಗೋದು 10 ಪಿಪಿಎಂ ಡೀಸೆಲ್. ಹಳೇ ಲಾರಿ ಕುಡಿಯೋದೂ ಅದನ್ನೇ. ಗಂಧಕ ಇಷ್ಟು ಕಮ್ಮಿ ಆದ ಮೇಲೆ ಅಷ್ಟೊಂದು ಆಸಿಡ್ ಎಲ್ಲಿಂದ ಬರಬೇಕು? ಉಲ್ಟಾ ಮಾತ್ರ ಮಾಡಬೇಡಿ. ಬೂದಿ ಜಾಸ್ತಿ ಇರುವ ಹಳೇ ಆಯಿಲನ್ನು ಬಿಎಸ್-6ಗೆ ಹಾಕಿದರೆ ಡಿಪಿಎಫ್ (ಹೊಗೆಯ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್) ಕಟ್ಟಿಕೊಳ್ಳುತ್ತೆ. ಅದು ಬಿಸಿಯಾಗಿ ತನ್ನಷ್ಟಕ್ಕೆ ಶುಚಿಯಾಗುವ ರೀಜನರೇಷನ್‌ನಲ್ಲಿ ಮಸಿ ಸುಡುತ್ತೆ, ಬೂದಿ ಸುಡಲ್ಲ. ಹೊಸ ಡಿಪಿಎಫ್ ಬೆಲೆ ಕೇಳಿದರೆ ಲಾರಿಯನ್ನೇ ಮಾರೋಣ ಅನ್ನಿಸುತ್ತೆ.

ಯಾವಾಗ ಬದಲಿಸೋದು? ನಾನು ಫಿಲ್ಟರ್ ಪೇಪರ್ ಮೇಲೆ ಬಿಸಿ ಆಯಿಲ್ ಒಂದು ಹನಿ ಬಿಟ್ಟು ರಾತ್ರಿ ಇಡ್ತೀನಿ. ಕಪ್ಪು ಸಮವಾಗಿ ಹರಡಿದರೆ ಇನ್ನೂ ಓಡುತ್ತೆ. ನಡುವೆ ಗಟ್ಟಿ ಚುಕ್ಕೆಯಾಗಿ ನಿಂತರೆ ಮಸಿ ಹೊರುವ ಶಕ್ತಿ ಮುಗಿಯಿತು ಅಂತ. ಸುತ್ತ ತಿಳಿ ಉಂಗುರ ಅಗಲವಾದರೆ ಡೀಸೆಲ್ ಸೇರುತ್ತಿದೆ, ಇಂಜೆಕ್ಟರ್ ನೋಡಿಸಿ. ಹಳೇ ಲಾರಿಗಳಲ್ಲಿ 18 ಸಾವಿರದ ಹತ್ತಿರ ಬದಲಿಸ್ತೀನಿ. ಬಿಎಸ್-6ಗೆ ಕಂಪನಿ ಹೇಳಿದ್ದೇ ಹೇಳಿದ್ದು, ವಾರಂಟಿ ಇರುವವರೆಗೆ ಅಲ್ಲಿ ಬುದ್ಧಿವಂತಿಕೆ ಬೇಡ. ಒಂದು ಸಲ ಲ್ಯಾಬಿಗೂ ಕಳಿಸಿದೆ, ಎರಡೂವರೆ ಮೂರು ಸಾವಿರ ಆಯಿತು. 100 ಡಿಗ್ರಿಯಲ್ಲಿ ವಿಸ್ಕಾಸಿಟಿ 13 ಚಿಲ್ಲರೆ, 40 ಗ್ರೇಡಿಗೆ 12.5ರಿಂದ 16.3ರ ಒಳಗಿದ್ದರೆ ಸಾಕು. ಆದರೆ ಸಿಲಿಕಾನ್ ಜಾಸ್ತಿ ಬಂದಿತ್ತು, ಅಂದರೆ ಧೂಳು. ಹುಡುಕಿದರೆ ಏರ್ ಫಿಲ್ಟರ್ ಪೈಪಿನ ಕ್ಲಿಪ್ ಸಡಿಲ! ಇಪ್ಪತ್ತು ರೂಪಾಯಿ ಕ್ಲಿಪ್ಪಿಗೆ ಇಂಜಿನ್ ಕೆಲಸ ಬರೋದು ತಪ್ಪಿತು.

ಬ್ರ್ಯಾಂಡ್ ಯಾವುದು ಅಂತ ಕೇಳ್ತೀರಿ. ಸರ್ವೋ, ಮ್ಯಾಕ್, ಎಚ್‌ಪಿ ಮೂರೂ ಹಾಕಿದ್ದೀನಿ, ವ್ಯತ್ಯಾಸ ಗೊತ್ತಾಗಲಿಲ್ಲ. ಡಬ್ಬ ಅಸಲಿಯೋ ಅನ್ನೋದೇ ದೊಡ್ಡ ಪ್ರಶ್ನೆ. ಒಂದು ಅಂಗಡಿಯಿಂದ ತಂದ ಬಕೆಟ್ಟಿನಲ್ಲಿ ಆಯಿಲ್ ಸೀಮೆಎಣ್ಣೆ ವಾಸನೆ ಹೊಡೆಯುತ್ತಿತ್ತು, ಬಿಲ್ ಇಲ್ಲ, ಕೇಳಿದರೆ ನಮ್ಮದಲ್ಲ ಅಂದರು. ಈಗ 210 ಲೀಟರ್ ಬ್ಯಾರಲ್ ಜಿಎಸ್‌ಟಿ ಬಿಲ್ ಸಮೇತ ಡಿಸ್ಟ್ರಿಬ್ಯೂಟರ್ ಹತ್ತಿರವೇ, ನಾಲ್ಕು ಜನ ಮಾಲೀಕರು ಸೇರಿ ತರ್ತೀವಿ. ಬಕೆಟ್ ಲೆಕ್ಕಕ್ಕೆ ಲೀಟರಿಗೆ 30-40 ಉಳಿಯುತ್ತೆ. ಎಷ್ಟಕ್ಕೆ ಕೊಡ್ತಾರೆ ಅಂತ ಬರೆದರೆ ಮುಂದಿನ ಸಲ ನಮಗೆ ಆ ರೇಟ್ ಸಿಗಲ್ಲ. ಗೇರ್ ಆಯಿಲ್ ಮಾತ್ರ ಬಕೆಟ್ಟಿನಲ್ಲೇ ತರ್ತೀವಿ. ಖಾಲಿಯಾದ ಮೇಲೆ, ಯಾರೂ ಅದಕ್ಕೆ ನಕಲಿ ತುಂಬಿ ಮಾರದಿರಲಿ ಅಂತ, ತಳಕ್ಕೆ ಡ್ರಿಲ್ಲಿನಿಂದ ಎರಡು ತೂತು ಹೊಡೆದೇ ಗ್ಯಾರೇಜಿನಿಂದ ಆಚೆ ಕಳಿಸೋದು. ಕೊಟ್ಟಿಗೆಗೆ ಬೇಕು ಅಂತ ಹುಡುಗರು ಎಷ್ಟೇ ಕೇಳಿದರೂ ಹಾಗೇ.