ಟರ್ಬೊ ಹೋಗಿರಲಿಲ್ಲ: ಜೀಪಿನ ಬೂಸ್ಟ್ ನಾನೇ ಅಳೆದ ಕತೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಜೀಪಿನಲ್ಲಿ ಇವತ್ತಿಗೂ ಇರುವುದು ಹಳೇ ಟರ್ಬೊನೇ. ಟರ್ಬೊ ಎಂದರೆ ಎಕ್ಸಾಸ್ಟಿನ ಬಲದಿಂದ ತಿರುಗಿ ಇಂಜಿನ್ನಿಗೆ ಗಾಳಿ ತುರುಕುವ ಪಂಪು, ಅದು ಕಟ್ಟುವ ಹೆಚ್ಚುವರಿ ಒತ್ತಡವೇ ಬೂಸ್ಟ್. ಅದನ್ನು ಕಿತ್ತು ಹೊಸದು ಹಾಕಲು ಕೂಲಿ ಸೇರಿ ಮೂವತ್ತು ಸಾವಿರದ ಮೇಲೆ ಆಗುತ್ತದೆ ಎಂದಿದ್ದರು ಗ್ಯಾರೇಜಿನವರು. ನಾನೇ ಅಳೆದು ಸರಿಮಾಡಿಕೊಂಡದ್ದಕ್ಕೆ ಖರ್ಚಾದದ್ದು ಅದರ ಹತ್ತರಲ್ಲೊಂದು ಪಾಲು.

ಗಾಡಿ ಫೋರ್ ವೀಲ್ ಡ್ರೈವ್. 2.5 ಲೀಟರ್ ಕಾಮನ್ ರೈಲ್ ಡೀಸೆಲ್, ಟರ್ಬೊದ ಬಿಸಿ ಗಾಳಿ ತಣಿಸುವ ಇಂಟರ್‌ಕೂಲರ್ ಇದೆ, ಬೂಸ್ಟ್ ಮಿತಿ ಮುಟ್ಟಿದಾಗ ಎಕ್ಸಾಸ್ಟನ್ನು ಪಕ್ಕಕ್ಕೆ ಬಿಡುವ ವೇಸ್ಟ್‌ಗೇಟ್ ಇರುವ ಟರ್ಬೊ. ತೀರ್ಥಹಳ್ಳಿ ಕಡೆಯ ನಮ್ಮ ತೋಟದಿಂದ ಅಡಿಕೆ ಮೂಟೆ ಹೇರಿಕೊಂಡು ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಏರಿಗೆ ಎರಡನೇ ಗೇರು ಬೇಕಾಗತೊಡಗಿತು. ಹಿಂದೆ ಕರೀ ಹೊಗೆ. ಮೈಲೇಜು ಹನ್ನೊಂದರ ಆಸುಪಾಸಿನಿಂದ ಎಂಟಕ್ಕೆ ಬಿತ್ತು. ಇಂಜೆಕ್ಟರ್ ಕ್ಲೀನ್ ಮಾಡಿಸಿದ್ದಕ್ಕೆ ಏಳು ಸಾವಿರದ ಹತ್ತಿರ, ಹೊಗೆಯ ಒಂದು ಪಾಲನ್ನು ಇಂಜಿನ್ನಿಗೇ ವಾಪಸ್ ಕಳಿಸುವ ಇಜಿಆರ್ ವಾಲ್ವ್ ಬಿಚ್ಚಿ ತೊಳೆಸಿದ್ದಕ್ಕೆ ಒಂದೂವರೆ, ಫಿಲ್ಟರುಗಳು ಬೇರೆ. ಎಳೆತ ಮಾತ್ರ ಎಳ್ಳಷ್ಟೂ ಬರಲಿಲ್ಲ. ಕೊನೆಗೆ "ಗೌಡ್ರೇ, ಟರ್ಬೊನೇ ಹೋಗಿದೆ" ಎಂದರು.

ನನಗೆ ಒಪ್ಪಿಗೆಯಾಗದ್ದು ಅವರು ನೋಡಿದ ರೀತಿ. ಗಾಡಿ ನಿಲ್ಲಿಸಿ ನ್ಯೂಟ್ರಲ್‌ನಲ್ಲಿ ರೇಸ್ ಕೊಟ್ಟು, ಸ್ಕ್ಯಾನರಿನಲ್ಲಿ ಬೂಸ್ಟ್ ಇಲ್ಲ ಅಂದರು. ಭಾರವಿಲ್ಲದ ಡೀಸೆಲ್ ಇಂಜಿನ್ನಿಗೆ ಬೂಸ್ಟ್ ಎಲ್ಲಿಂದ ಬರಬೇಕು? ಉರಿಯಲು ಡೀಸೆಲ್ ಬೇಕು, ಎಕ್ಸಾಸ್ಟಿನಲ್ಲಿ ಬಿಸಿ ಬೇಕು, ಆಮೇಲೆ ತಾನೇ ಟರ್ಬೊ ತಿರುಗುವುದು. ಏರಿನಲ್ಲಿ ಮೀಟರ್ ಕಟ್ಟಿ ನೋಡುತ್ತೇನೆ ಎಂದಾಗ ಭಾವ ಸಹ, "ಮೀಟರಿನ ಮುಳ್ಳು ನಂಬಿ ಇಂಜಿನ್ ಕಳ್ಕೋಬೇಡ ಮಾರಾಯ" ಅಂದರು.

ಗಾಡಿಯ ಕಂಪ್ಯೂಟರಿಗೆ ಸಿಕ್ಕಿಸಿ ಅಂಕಿ ಓದುವ ಓಬಿಡಿ ಡಾಂಗಲ್ ಮೊದಲು ತಂದೆ, ಏಳುನೂರೋ ಎಂಟುನೂರೋ. ಬೇಸಿಕ್ ಲೆಕ್ಕಕ್ಕೆ ಒಳ್ಳೆಯದೇ. ಕೀ ಆನ್ ಮಾಡಿ ಇಂಜಿನ್ ಸ್ಟಾರ್ಟ್ ಮಾಡದೆ ನೋಡಿದರೆ ಇಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ನಮ್ಮ ಎತ್ತರಕ್ಕೆ 94 ಕಿಲೊಪಾಸ್ಕಲ್ ಸುಮಾರು ಬಂತು, ಸೆನ್ಸರ್ ಸರಿಯಿದೆ ಎಂದು ತಿಳಿಯಿತು. ಆದರೆ ಓಡಿಸುವಾಗ ಅಂಕಿ ಕುಂಟುತ್ತಾ ಬದಲಾಗುತ್ತದೆ, ಏರಿನಲ್ಲಿ ಒಂದು ಕ್ಷಣ ಬಂದು ಹೋಗುವ ಒತ್ತಡ ಅದಕ್ಕೆ ಸಿಗುವುದಿಲ್ಲ. ಇನ್ನೊಂದು, ಆ ಸಾಮಾನ್ಯ ಕೋಡಿನಲ್ಲಿ 255 ಕಿಲೊಪಾಸ್ಕಲ್ ದಾಟಿ ತೋರಿಸಲು ಜಾಗವೇ ಇಲ್ಲ. ಜಾಸ್ತಿ ಬೂಸ್ಟ್ ಮಾಡಿಸಿಕೊಂಡವರು ಇದನ್ನು ನೆನಪಿಡಿ. ಅದರಲ್ಲಿ ಬರುವುದು ಒಟ್ಟು ಒತ್ತಡ, ಹೊರಗಿನ ಗಾಳಿಯದನ್ನು ಕಳೆದರೆ ಮಾತ್ರ ಬೂಸ್ಟ್.

ಆಮೇಲೆ ಮುಳ್ಳಿನ ಮೀಟರು. ಅಡಿಕೆಗೆ ಬೋರ್ಡೋ ಔಷಧಿ ಹೊಡೆಯುವ ಪಂಪಿನ ಮೀಟರು ಮನೆಯಲ್ಲೇ ಇದೆಯಲ್ಲ ಎಂದರು ಪಕ್ಕದ ತೋಟದವರು. ಅದರ ಅಳತೆ ಹತ್ತಾರು ಕೆಜಿಯದು, ಒಂದು ಬಾರ್‌ಗೆ, ಅಂದರೆ ನೂರು ಕಿಲೊಪಾಸ್ಕಲ್‌ಗೆ, ಮುಳ್ಳು ಅಲ್ಲಾಡಿದ್ದೂ ಕಾಣುವುದಿಲ್ಲ. ಶಿವಮೊಗ್ಗದ ಗಾರ್ಡನ್ ಏರಿಯಾದಲ್ಲಿ ಹುಡುಕಿ ಸೊನ್ನೆಯಿಂದ ಎರಡು ಬಾರ್‌ವರೆಗಿನ ಗ್ಲಿಸರಿನ್ ತುಂಬಿದ್ದು ತಂದೆ, ಐನೂರರೊಳಗೆ. ಗ್ಲಿಸರಿನ್ ಮೀಟರಿನ ನೆತ್ತಿಯಲ್ಲಿ ಒಂದು ರಬ್ಬರ್ ಬಿರಡೆ ಇರುತ್ತದೆ, ಅದರ ತುದಿ ಕತ್ತರಿಸಿ ಗಾಳಿಗೆ ದಾರಿ ಬಿಡಲೇಬೇಕು. ಇಲ್ಲದಿದ್ದರೆ ಬಾನೆಟ್ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಮುಳ್ಳು ಕಡಿಮೆ ತೋರಿಸುತ್ತದೆ, ಘಟ್ಟ ಹತ್ತಿದರೂ ಹಾಗೇ. ಈ ಒಂದು ವಿಷಯಕ್ಕೆ ಎಷ್ಟು ಟರ್ಬೊಗಳು ಸುಮ್ಮನೆ ಗುಜರಿ ಸೇರಿವೆಯೋ.

ಹೊಸ ಮೀಟರನ್ನೂ ನಾನು ಹಾಗೇ ನಂಬಲಿಲ್ಲ. ನಮ್ಮ ಮನೆಗೆ ಗುಡ್ಡದ ಮೇಲಿನ ತೊಟ್ಟಿಯಿಂದ ಪೈಪಿನಲ್ಲಿ ಅಬ್ಬಿ ನೀರು ಬರುತ್ತದೆ. ಹತ್ತು ಮೀಟರ್ ನೀರಿನ ಎತ್ತರ ಎಂದರೆ 0.98 ಬಾರ್, ಇದಕ್ಕಿಂತ ಕರಾರುವಾಕ್ಕಾದ ಅಳತೆ ಯಾವ ಗ್ಯಾರೇಜಿನಲ್ಲಿದೆ! ಲೆವೆಲ್ ಪೈಪ್ ಹಿಡಿದು ತೊಟ್ಟಿಯ ನೀರಿನ ಮಟ್ಟದಿಂದ ಹತ್ತು ಮೀಟರ್ ಕೆಳಗೆ ಗುರುತು ಹಾಕಿ, ಅಲ್ಲಿ ಮೀಟರ್ ಸಿಕ್ಕಿಸಿ, ನೀರು ಹರಿಯದಂತೆ ಕೆಳಗಿನ ನಲ್ಲಿ ಬಂದ್ ಮಾಡಿದೆ. ಮುಳ್ಳು ಒಂದರ ಗೆರೆಗಿಂತ ಕೂದಲಷ್ಟು ಹಿಂದೆ ನಿಂತಿತು. ಮೀಟರಿನ ಅಳತೆಯ ಕೆಳಗಿನ ಭಾಗಕ್ಕೆ ಅತ್ತೆಯವರ ಹಳೇ ಪಾದರಸದ ಬಿಪಿ ಯಂತ್ರ ಸೇರಿಸಿ ನೋಡಿದೆ. ಅದರ 300 ಎಂದರೆ 0.4 ಬಾರ್. ಅದೂ ಹೊಂದಿತು. ಭಾವನ ಬಾಯಿ ಅಲ್ಲಿಗೆ ಅರ್ಧ ಮುಚ್ಚಿತು.

ಮೀಟರಿಗೆ ಗಾಳಿ ಕವಲೊಡೆಯುವ ಟೀ ಜೋಡಣೆ ಹಾಕಿದ್ದು ಇಂಟರ್‌ಕೂಲರ್ ಆದ ಮೇಲೆ, ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನ ಹತ್ತಿರ. ರಾಡ್ ತಳ್ಳಿ ವೇಸ್ಟ್‌ಗೇಟ್ ತೆರೆಯುವ ಆಕ್ಚುಯೇಟರಿನ ಪೈಪಿಗೇ ಟೀ ಹಾಕುವವರಿದ್ದಾರೆ, ಅಲ್ಲಿ ಸಿಗುವುದು ಟರ್ಬೊ ಬಾಯಿಯ ಲೆಕ್ಕ, ಇಂಜಿನ್ನಿಗೆ ಮುಟ್ಟಿದ್ದರ ಲೆಕ್ಕವಲ್ಲ. ಆರು ಎಂಎಂ ಏರ್ ಪೈಪನ್ನು ವೈಪರ್ ಪಕ್ಕದಿಂದ ಗಾಜಿನ ಮುಂದಕ್ಕೆ ತಂದೆ. ಮುಳ್ಳು ಹುಚ್ಚೆದ್ದು ನಡುಗುತ್ತಿತ್ತು. ಪೈಪಿನೊಳಗೆ ಒಂದು ಅಡ್ಡಿ ತುರುಕಿದ ಮೇಲೆ ಮುಳ್ಳು ಬೆಣ್ಣೆಯ ಹಾಗೆ ಏರಿತು. ಆ ಅಡ್ಡಿ ಯಾವುದು, ಎಷ್ಟು ಸಣ್ಣ ತೂತು ಎನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಪರೀಕ್ಷೆಗೆ ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತಿಸಿದೆ. ಉಪಯೋಗವಿಲ್ಲ. ಬೂಸ್ಟ್ ಕಟ್ಟುವಷ್ಟರಲ್ಲಿ ಹೇರ್‌ಪಿನ್ ಬಂದು ಕಾಲು ಎತ್ತಬೇಕು. ಬೇಕಾದದ್ದು ಉದ್ದನೆಯ ನೇರ ಏರು. ಮರಳಿನ ಚೀಲ ಐದಾರು ಕ್ವಿಂಟಾಲ್ ಹೇರಿ, ಮೂರನೇ ಗೇರು, 1500 ಆರ್‌ಪಿಎಂನಿಂದ ಎಕ್ಸಲರೇಟರ್ ಪೂರ್ತಿ ಒತ್ತಿ 3000ದವರೆಗೆ. ಮಗ ಪಕ್ಕದಲ್ಲಿ ಕೂತು ಮೀಟರನ್ನೂ ಟ್ಯಾಕೋವನ್ನೂ ಒಂದೇ ವಿಡಿಯೋದಲ್ಲಿ ಹಿಡಿದ. ಅರ್ಧ ಬಾರ್ ದಾಟಲು ಮುಳ್ಳು ತಿಣುಕಿತು. ಆದರೆ ಏರಿದ ರೀತಿ ನೋಡಿ: ಬೇಗ ಶುರುವಾಗಿ, 0.3ರ ಹತ್ತಿರ ತಡೆದು, ಆಮೇಲೆ ತೆವಳಿತು. ಟರ್ಬೊ ಸತ್ತಿದ್ದರೆ ಶುರುವಾಗುವುದೇ ತಡ. ಒತ್ತಡ ಬಂದ ಮೇಲೆ ಬಾಯಿ ಬಿಡುವ ಸೀಳು ಎಲ್ಲೋ ಇದೆ ಎಂದು ನನಗೆ ಅವತ್ತೇ ಖಾತ್ರಿಯಾಯಿತು.

ಸೀಳು ಹುಡುಕಲು ಗಾಳಿ ತುಂಬಿ ಮಾಡುವ ಸೋಪು ನೀರಿನ ಪರೀಕ್ಷೆಗೆ, ಟರ್ಬೊ ಗಾಳಿ ಒಳಗೆಳೆಯುವ ಬಾಯಿಗೆ ಕೂರುವ ಪಿವಿಸಿ ಎಂಡ್ ಕ್ಯಾಪ್, ಅದಕ್ಕೆ ತೂತು ಕೊರೆದು ಟ್ಯೂಬ್‌ಲೆಸ್ ಟೈರಿನ ವಾಲ್ವ್. ನೂರು ರೂಪಾಯಿಯೂ ಆಗಲಿಲ್ಲ. ಮೊದಲ ಕ್ಯಾಪ್ ಹಾರಿ ಶೆಡ್ಡಿನ ತಗಡಿಗೆ ಬಡಿಯಿತು, ಎದುರಿಗೆ ಮುಖ ಇಟ್ಟುಕೊಳ್ಳಬೇಡಿ. ಇಂಜಿನ್ನಿನ ಆವಿ ವಾಪಸ್ ಬರುವ ಬ್ರೀದರ್ ಪೈಪ್ ಬಂದ್ ಮಾಡಿಕೊಳ್ಳಿ, ಒಂದು ಬಾರ್ ದಾಟಿಸಬೇಡಿ, ಆಯಿಲ್ ಸೀಲ್ ಹೋಗುತ್ತದೆ. 0.3ರ ತನಕ ಎಲ್ಲವೂ ಗಟ್ಟಿ. ಅದರ ಮೇಲೆ ಇಂಟರ್‌ಕೂಲರಿನ ಕೆಳಗಿನ ಹೋಸಿನಲ್ಲಿ, ಕ್ಲಾಂಪಿನ ಅಡಿಗೇ ನೊರೆ ಉಕ್ಕಿತು. ಬಿಚ್ಚಿದರೆ ಬೆರಳುದ್ದದ ಸೀಳು, ಸುತ್ತ ಎಣ್ಣೆ ಮೆತ್ತಿದ ಕೆಮ್ಮಣ್ಣು. ಹೊಸ ಹೋಸು, ಎರಡು ಒಳ್ಳೆಯ ಕ್ಲಾಂಪು, ಒಟ್ಟು ಸಾವಿರದ ಎಂಟುನೂರು ಇರಬೇಕು. ಅದೇ ಏರು, ಅದೇ ಮರಳು: 1.1 ಬಾರ್, ಅದೂ 2000 ಆರ್‌ಪಿಎಂ ಬರುವ ಮುಂಚೆ. ಹೊಗೆ ಹೋಯಿತು. ಮೈಲೇಜು ಮತ್ತೆ ಹನ್ನೊಂದು.

ಮೀಟರ್ ಇದ್ದದ್ದೇ ಆಯಿತು ಎಂದು ಇನ್ನೂ ಕೆಲವು ನೋಡಿದೆ. ಮಳೆಗಾಲ ಪೂರ್ತಿ ಓಡಿದ ಏರ್ ಫಿಲ್ಟರಿಗೂ ಹೊಸದಕ್ಕೂ ಬೂಸ್ಟಿನಲ್ಲಿ ವ್ಯತ್ಯಾಸ ಒಂದು ಗೆರೆಯಷ್ಟೇ, ಎಳೆತದಲ್ಲಿ ಗೊತ್ತಾಗಲಿಲ್ಲ. ಕೆಮ್ಮಣ್ಣುಗುಂಡಿಗೆ ಹೋದಾಗ ಕೀ ಆನ್ ಮಾಡಿ ನೋಡಿದರೆ ಡಾಂಗಲ್‌ನಲ್ಲಿ 85ರ ಹತ್ತಿರ ಇತ್ತು. ಅಲ್ಲಿ ಮುಳ್ಳು ಅದೇ ಬೂಸ್ಟ್ ತೋರಿಸಿದರೂ ಸಿಲಿಂಡರಿಗೆ ಹೋಗುವ ಗಾಳಿ ಕಡಿಮೆಯೇ. ಆಕ್ಚುಯೇಟರಿಗೆ ಸೈಕಲ್ ಪಂಪಿನಿಂದ ಒತ್ತಡ ಕೊಟ್ಟು ರಾಡ್ ಯಾವಾಗ ಜರುಗುತ್ತದೆ ನೋಡಿದ್ದೇನೆ, ಆ ಅಂಕಿ ಬರೆದಿಟ್ಟುಕೊಂಡಿದ್ದೇನೆ. ರಾಡಿನ ನಟ್ ಎಷ್ಟು ಸುತ್ತು ತಿರುಗಿಸಿದೆ ಎಂದು ಮಾತ್ರ ಕೇಳಬೇಡಿ. ಅದನ್ನು ಓದಿ ಯಾರಾದರೂ ತಿರುಗಿಸಿದರೆ ಇಂಜಿನ್ ಹೋಗುವುದು ಅವರದ್ದು. ಆಕ್ಚುಯೇಟರಿನ ಪೈಪ್ ತೂತಾದರೆ ಬೂಸ್ಟ್ ಇಳಿಯುವುದಿಲ್ಲ, ಮಿತಿ ಮೀರಿ ಏರುತ್ತದೆ ಎನ್ನುವುದೂ ತಲೆಯಲ್ಲಿರಲಿ.

ಈಗ ಭಾವನ ಪಿಕಪ್ಪೇ ನಮ್ಮ ಶೆಡ್ಡಿಗೆ ಬಂದಿದೆ. ಅದರದ್ದು ವ್ಯಾಕ್ಯೂಮಿನಲ್ಲಿ ನಡೆಯುವ, ಒಳಗಿನ ರೆಕ್ಕೆಗಳ ಕೋನ ಬದಲಿಸುವ ವೇರಿಯಬಲ್ ಟರ್ಬೊ, ಪೈಪ್ ಸೋರಿದರೆ ನನ್ನದಕ್ಕೆ ಉಲ್ಟಾ, ಬೂಸ್ಟೇ ಬರುವುದಿಲ್ಲ. ಮೊದಲು ವ್ಯಾಕ್ಯೂಮ್ ಪೈಪುಗಳನ್ನು ಒಂದೊಂದಾಗಿ ನೋಡಿ, ಆಮೇಲೆ ಮೀಟರ್ ಕಟ್ಟುತ್ತೇನೆ.