ಶಿಂಜುಕು ನಿಲ್ದಾಣದಲ್ಲಿ ರೈಲು ಬದಲಿಸುವ ಬಗೆ

ಟೋಕಿಯೋದ ಶಿಂಜುಕು ನಿಲ್ದಾಣವನ್ನು ದಿನವೊಂದಕ್ಕೆ ಸುಮಾರು 35 ಲಕ್ಷ ಜನ ಬಳಸುತ್ತಾರೆ. ಜಗತ್ತಿನಲ್ಲೇ ಅತಿ ಹೆಚ್ಚು ದಟ್ಟಣೆಯ ನಿಲ್ದಾಣವೆಂದು ಗಿನ್ನೆಸ್ ದಾಖಲೆಯಲ್ಲಿ ಅದರ ಹೆಸರಿದೆ. ಹೊರಗೆ ಹೋಗುವ ದಾರಿಗಳೇ 200ಕ್ಕೂ ಹೆಚ್ಚು. ಇದನ್ನೆಲ್ಲ ಓದಿದ ಹೊಸಬರು ನಿಲ್ದಾಣದ ನಕ್ಷೆಯನ್ನು ಬಾಯಿಪಾಠ ಮಾಡಲು ಕುಳಿತುಕೊಳ್ಳುತ್ತಾರೆ. ಆದರೆ ಅನೇಕ ಅಂತಸ್ತುಗಳಲ್ಲಿ ಹರಡಿರುವ ಆ ನಿಲ್ದಾಣವನ್ನು ಕಾಗದದ ಮೇಲೆ ಕಲಿಯುವುದು ಅಲ್ಲೇ ಕೆಲಸ ಮಾಡುವವರಿಗೂ ಕಷ್ಟ. ಪ್ರಯಾಣಿಕನು ಮೊದಲು ಉತ್ತರ ಕಂಡುಕೊಳ್ಳಬೇಕಾದ ಪ್ರಶ್ನೆ ಒಂದೇ: ನಾನು ಟಿಕೆಟ್ ಗೇಟನ್ನು ದಾಟಬೇಕೆ, ಬೇಡವೆ, ದಾಟಬೇಕಿದ್ದರೆ ಯಾವ ಗೇಟನ್ನು? ಇದಕ್ಕೆ ಉತ್ತರ ಸಿಕ್ಕಿದರೆ ಉಳಿದ ದಾರಿಯನ್ನು ಫಲಕಗಳೇ ತೋರಿಸುತ್ತವೆ.

ಈ ಪ್ರಶ್ನೆ ಏಳುವುದಕ್ಕೆ ಕಾರಣವಿದೆ. ಶಿಂಜುಕು ಎಂಬ ಒಂದೇ ಹೆಸರಿನಡಿ ಐದು ಸಂಸ್ಥೆಗಳು ತಮ್ಮ ತಮ್ಮ ನಿಲ್ದಾಣಗಳನ್ನು ನಡೆಸುತ್ತವೆ. ಅವು ಜೆಆರ್ ಈಸ್ಟ್ (ಜಪಾನ್ ರೈಲ್ವೇಸ್ ಬಳಗದ ಸಂಸ್ಥೆ, ಮುಂದೆ ಬರೀ ಜೆಆರ್), ಒಡಾಕ್ಯು, ಕೇಯೋ, ಟೋಕಿಯೋ ಮೆಟ್ರೋ ಮತ್ತು ತೋಯೇ. ಬಹುಮಟ್ಟಿಗೆ ಒಂದೊಂದಕ್ಕೂ ಪ್ರತ್ಯೇಕ ಗೇಟು, ಪ್ರತ್ಯೇಕ ಪ್ರಯಾಣದರ. ಜೆಆರ್‌ನ ಯಾಮಾನೋತೆ ಮಾರ್ಗದಿಂದ ಜೆಆರ್‌ನದೇ ಚೂಓ ಮಾರ್ಗಕ್ಕೆ ಬದಲಾಗುವವರು ಯಾವ ಗೇಟನ್ನೂ ದಾಟಬೇಕಾಗಿಲ್ಲ. ಮೆಟ್ಟಿಲು ಇಳಿದು ಬೇರೆ ಪ್ಲಾಟ್‌ಫಾರ್ಮಿಗೆ ಹತ್ತಿದರೆ ಸಾಕು. ಹಕೋನೆಗೆ ಹೋಗಲು ಜೆಆರ್‌ನಿಂದ ಒಡಾಕ್ಯುವಿಗೆ ಬದಲಾಗುವವರಾದರೋ ನಡುವೆ ಇರುವ ಬದಲಾವಣೆ ಗೇಟನ್ನು ಹುಡುಕಬೇಕು. ಅಲ್ಲಿ ಸುಯ್ಕಾ ಅಥವಾ ಪಾಸ್ಮೋ ಎಂಬ, ಮೊದಲೇ ಹಣ ತುಂಬಿಟ್ಟ ಕಾರ್ಡನ್ನು ಒಮ್ಮೆ ಮುಟ್ಟಿಸಿದರೆ ಹಿಂದಿನ ಸಂಸ್ಥೆಯ ದರ ಕಡಿತವಾಗಿ, ಮುಂದಿನ ಸಂಸ್ಥೆಯ ಪ್ರವೇಶವೂ ದಾಖಲಾಗುತ್ತದೆ. ಜೆಆರ್‌ನಿಂದ ಮೆಟ್ರೋ ಅಥವಾ ತೋಯೇ ಸುರಂಗ ರೈಲಿಗೆ ಹೋಗುವವರು ಒಂದು ಗೇಟಿನಿಂದ ಪೂರ್ತಿ ಹೊರಬಂದು, ನಡೆದು, ಇನ್ನೊಂದು ಗೇಟಿನಲ್ಲಿ ಹೊಸದಾಗಿ ಒಳಹೋಗಬೇಕಾಗುತ್ತದೆ. ಜಪಾನ್ ರೈಲ್ ಪಾಸ್ ಕೊಂಡವರು ಇದನ್ನು ವಿಶೇಷವಾಗಿ ಗಮನಿಸಬೇಕು, ಏಕೆಂದರೆ ಶಿಂಜುಕುವಿನಲ್ಲಿ ಆ ಪಾಸು ಜೆಆರ್ ಗೇಟುಗಳಲ್ಲಿ ಮಾತ್ರ ನಡೆಯುತ್ತದೆ.

ಆದ್ದರಿಂದ ರೈಲು ಶಿಂಜುಕು ತಲುಪುವ ಮೊದಲೇ, ಇನ್ನೂ ಸೀಟಿನಲ್ಲಿ ಕುಳಿತಿರುವಾಗಲೇ, ನಾಲ್ಕು ಸಂಗತಿಗಳನ್ನು ಫೋನಿನಲ್ಲೋ ಕಾಗದದಲ್ಲೋ ಬರೆದಿಟ್ಟುಕೊಳ್ಳುವುದು ಒಳ್ಳೆಯದು: ಮುಂದಿನ ರೈಲಿನ ಸಂಸ್ಥೆ, ಮಾರ್ಗದ ಹೆಸರು ಮತ್ತು ಬಣ್ಣ, ರೈಲು ಸಾಗುವ ದಿಕ್ಕು, ರೈಲಿನ ಬಗೆ (ಎಲ್ಲ ನಿಲ್ದಾಣಗಳಲ್ಲಿ ನಿಲ್ಲುವ ಲೋಕಲ್ಲೋ, ಕೆಲವನ್ನು ಬಿಟ್ಟು ಸಾಗುವ ರ್ಯಾಪಿಡ್, ಎಕ್ಸ್‌ಪ್ರೆಸ್‌ಗಳೋ). ಬಣ್ಣವನ್ನು ಹಿಂಬಾಲಿಸುವುದು ಎಲ್ಲಕ್ಕಿಂತ ಸುಲಭ. ಯಾಮಾನೋತೆಗೆ ತಿಳಿಹಸಿರು, ಚೂಓ ರ್ಯಾಪಿಡ್‌ಗೆ ಕಿತ್ತಳೆ, ಚೂಓ-ಸೋಬು ಲೋಕಲ್‌ಗೆ ಹಳದಿ. ಬಣ್ಣದ ಜೊತೆಗೆ ಪ್ರತಿ ನಿಲ್ದಾಣಕ್ಕೂ ಅಕ್ಷರ ಮತ್ತು ಅಂಕಿಗಳ ಸಂಕೇತವಿರುತ್ತದೆ. ಯಾಮಾನೋತೆಯಲ್ಲಿ ಶಿಂಜುಕು ಜೆವೈ 17, ಮಾರುನೋಉಚಿ ಸುರಂಗ ಮಾರ್ಗದಲ್ಲಿ ಎಂ 08, ಓಎದೋ ಮಾರ್ಗದಲ್ಲಿ ಇ 27. ನೀವು ಇಳಿಯಬೇಕಾದ ನಿಲ್ದಾಣದ ಅಂಕಿ ಗೊತ್ತಿದ್ದರೆ, ರೈಲು ಸರಿಯಾದ ಕಡೆಗೆ ಹೋಗುತ್ತಿದೆಯೇ ಎಂಬುದು ಮುಂದಿನ ನಿಲ್ದಾಣದ ಅಂಕಿಯಿಂದಲೇ ತಿಳಿಯುತ್ತದೆ. ಜಪಾನಿ ಲಿಪಿ ಓದಲು ಬಾರದವರಿಗೆ ಇದಕ್ಕಿಂತ ಭರವಸೆಯ ಸಹಾಯ ಬೇರೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ದಿಕ್ಕಿನ ವಿಷಯದಲ್ಲಿ ಸ್ವಲ್ಪ ನಿಧಾನಿಸಬೇಕು. ಫಲಕಗಳಲ್ಲಿ ಉತ್ತರ, ದಕ್ಷಿಣ ಎಂಬ ಸೂಚನೆಗಳು ನಿಲ್ದಾಣದ ದ್ವಾರಗಳಿಗೆ ಸಂಬಂಧಿಸಿದವು. ರೈಲಿನ ದಿಕ್ಕನ್ನು ಮುಂದೆ ಬರುವ ದೊಡ್ಡ ಊರು ಅಥವಾ ನಿಲ್ದಾಣದ ಹೆಸರಿನಿಂದ ಹೇಳುತ್ತಾರೆ. ಯಾಮಾನೋತೆ ವೃತ್ತಾಕಾರದ ಮಾರ್ಗ. ಶಿಂಜುಕುವಿನಲ್ಲಿ 14ನೇ ಪ್ಲಾಟ್‌ಫಾರ್ಮಿನಿಂದ ಶಿಬುಯಾ, ಶಿನಾಗಾವಾ ಕಡೆಗೂ, 15ನೇ ಪ್ಲಾಟ್‌ಫಾರ್ಮಿನಿಂದ ಇಕೆಬುಕುರೋ, ಉಎನೋ ಕಡೆಗೂ ರೈಲುಗಳು ಹೊರಡುತ್ತವೆ. 14ರ ಎದುರು ಬದಿಯ 13ರಲ್ಲಿ ಅಕಿಹಾಬಾರಾ ಕಡೆಗೆ ಹೋಗುವ ಹಳದಿ ರೈಲು ಬರುತ್ತದೆ; 15ರ ಎದುರಿನ 16ರಲ್ಲಿ ನಾಕಾನೋ ಕಡೆಯದು. ಅಂದರೆ ಇಕೆಬುಕುರೋ ಕಡೆಯಿಂದ ಬಂದು ಅಕಿಹಾಬಾರಾಕ್ಕೆ ಹೋಗುವವರು ಈ ಬೃಹತ್ ನಿಲ್ದಾಣದಲ್ಲಿ ಒಂದು ಮೆಟ್ಟಿಲನ್ನೂ ಹತ್ತದೆ, ಪ್ಲಾಟ್‌ಫಾರ್ಮಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನಡೆದು ರೈಲು ಬದಲಿಸಬಹುದು.

ರೈಲಿನ ಬಗೆಯನ್ನು ಅಲಕ್ಷಿಸಿದವರು ಇಳಿಯಬೇಕಾದ ಊರನ್ನು ಕಿಟಕಿಯಿಂದ ನೋಡುತ್ತಾ ಮುಂದೆ ಸಾಗಿಬಿಡುತ್ತಾರೆ. ಸೂಚನಾ ಫಲಕದಲ್ಲಿ ಹೊರಡುವ ಸಮಯದ ಪಕ್ಕದಲ್ಲಿ ಲೋಕಲ್, ರ್ಯಾಪಿಡ್, ಎಕ್ಸ್‌ಪ್ರೆಸ್ ಮುಂತಾದ ಹೆಸರು ಜಪಾನಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ಸರದಿಯಂತೆ ಮೂಡುತ್ತದೆ. ಒಂದು ಉದಾಹರಣೆ ಕೊಡುತ್ತೇನೆ. ಚೂಓ ಮಾರ್ಗದ ಕೋಎಂಜಿ ನಿಲ್ದಾಣದಲ್ಲಿ ವಾರದ ದಿನಗಳಲ್ಲಿ ಚೂಓ ರ್ಯಾಪಿಡ್ ನಿಲ್ಲುತ್ತದೆ. ಶನಿವಾರ, ಭಾನುವಾರ ಮತ್ತು ರಜಾದಿನಗಳಲ್ಲಿ ನಿಲ್ಲುವುದಿಲ್ಲ. ಆ ದಿನಗಳಲ್ಲಿ ಅಲ್ಲಿಗೆ ಹೋಗುವವರು ಹಳದಿ ಬಣ್ಣದ ಲೋಕಲ್ ಹಿಡಿಯಬೇಕು. ಹಾಗೆಯೇ ತಕಾವೋ ಬೆಟ್ಟಕ್ಕೆ ಹೋಗುವವರು ಗಮನಿಸಬೇಕಾದದ್ದು, ಜೆಆರ್ ರೈಲು ತಕಾವೋ ನಿಲ್ದಾಣದವರೆಗೆ ಒಯ್ಯುತ್ತದೆ, ಬೆಟ್ಟದ ಬುಡದಲ್ಲಿರುವ ತಕಾವೋಸಾನ್‌ಗುಚಿಗೆ ಹೋಗುವುದು ಕೇಯೋ ರೈಲು.

ಹೊರಗೆ ಹೋಗುವುದಿದ್ದರೆ ಗೇಟಿನ ಹೆಸರನ್ನು ಮೊದಲೇ ತಿಳಿದುಕೊಂಡು ಹೋಗಿ. ಹೊರದಾರಿ ತೋರಿಸುವ ಫಲಕಗಳು ಹಳದಿ ಬಣ್ಣದವು, ಎಷ್ಟು ದೂರದಿಂದಲಾದರೂ ಕಾಣುತ್ತವೆ. ನಗರಾಡಳಿತದ ಎತ್ತರದ ಕಟ್ಟಡಗಳಿಗೆ ಪಶ್ಚಿಮ ಗೇಟು, ಕಾಬುಕಿಚೋ ಮತ್ತು ಅಂಗಡಿಬೀದಿಗಳಿಗೆ ಪೂರ್ವ ಗೇಟು, ದೂರದ ಊರುಗಳ ಬಸ್ಸು ಹಿಡಿಯಲು ಹೊಸ ದಕ್ಷಿಣ ಗೇಟು. ಹಿಂದೆ ತಪ್ಪು ಬದಿಯಲ್ಲಿ ಹೊರಬಂದವರು ಇನ್ನೊಂದು ಬದಿಗೆ ಹೋಗಲು ದೊಡ್ಡ ಸುತ್ತು ಹಾಕಬೇಕಾಗಿತ್ತು. 2020ರ ಜುಲೈಯಲ್ಲಿ ಟಿಕೆಟ್ ಇಲ್ಲದೆಯೂ ನಡೆಯಬಹುದಾದ ಪೂರ್ವ–ಪಶ್ಚಿಮ ನೆಲಮಾಳಿಗೆ ಹಾದಿ ತೆರೆದ ಮೇಲೆ ಆ ಕಷ್ಟ ಬಹುಮಟ್ಟಿಗೆ ತಪ್ಪಿದೆ. ಹೆಸರಿನಲ್ಲಿ ಶಿಂಜುಕು ಇರುವ ಬೇರೆ ನಿಲ್ದಾಣಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಶಿಂಜುಕು-ಸಾಂಚೋಮೆ, ಶಿಂಜುಕು-ನಿಶಿಗುಚಿ, ಸೇಬು-ಶಿಂಜುಕು ಇವೆಲ್ಲ ಪ್ರತ್ಯೇಕ ನಿಲ್ದಾಣಗಳು.

ಎಲ್ಲಿ ಬದಲಿಸಬಾರದು ಎಂಬುದನ್ನು ತಿಳಿಯುವುದು ಎಲ್ಲಿ ಬದಲಿಸಬೇಕು ಎಂಬುದರಷ್ಟೇ ಮುಖ್ಯ. ಪ್ರಯಾಣದ ಆ್ಯಪ್‌ಗಳು ಹೆಚ್ಚಾಗಿ ನಿಮಿಷಗಳನ್ನು ಎಣಿಸುತ್ತವೆ. ಜನಜಂಗುಳಿಯಲ್ಲಿ ಮಕ್ಕಳನ್ನೂ ವಯಸ್ಸಾದವರನ್ನೂ ಕರೆದುಕೊಂಡು ನಡೆಯುವ ಆಯಾಸ ಅವುಗಳ ಲೆಕ್ಕಕ್ಕೆ ಬರುವುದಿಲ್ಲ. ಯಾಮಾನೋತೆಯಿಂದ ಸೇಬು-ಶಿಂಜುಕು ಮಾರ್ಗಕ್ಕೆ ಹೋಗುವವರು ಶಿಂಜುಕುವಿನಲ್ಲಿ ಇಳಿದು ಬೀದಿಯಲ್ಲಿ ನಡೆಯುವ ಬದಲು ತಕಾದಾನೋಬಾಬಾದಲ್ಲಿ ಬದಲಿಸಬೇಕು, ಅಲ್ಲಿ ಎರಡೂ ನಿಲ್ದಾಣಗಳು ಅಕ್ಕಪಕ್ಕದಲ್ಲಿವೆ. ಕಿತ್ತಳೆ ರೈಲಿನಿಂದ ಹಳದಿ ರೈಲಿಗೆ ಬದಲಾಗಿ ಅಕಿಹಾಬಾರಾಕ್ಕೆ ಹೋಗುವವರಿಗೆ ಓಚಾನೋಮಿಜು ಪ್ರಶಸ್ತ, ಅಲ್ಲಿ ಒಂದೇ ದಿಕ್ಕಿನ ಎರಡೂ ರೈಲುಗಳು ಒಂದೇ ಪ್ಲಾಟ್‌ಫಾರ್ಮಿನ ಎರಡು ಬದಿಗಳಲ್ಲಿ ನಿಲ್ಲುತ್ತವೆ. ಶಿಂಜುಕುವಿನಿಂದ ಕ್ಯೋತೋ, ಒಸಾಕಾಗಳಿಗೆ ಹೋಗುವವರು ಯಾಮಾನೋತೆಯಲ್ಲಿ ಶಿನಾಗಾವಾಕ್ಕೆ ಹೋಗಿ ಶಿಂಕಾನ್‌ಸೆನ್ (ಬುಲೆಟ್ ರೈಲು) ಹತ್ತಬಹುದು. ತೋಕಾಯ್ದೋ ಶಿಂಕಾನ್‌ಸೆನ್ ರೈಲುಗಳೆಲ್ಲವೂ ಅಲ್ಲಿ ನಿಲ್ಲುತ್ತವೆ, ಮತ್ತು ನಿಲ್ದಾಣ ಟೋಕಿಯೋ ನಿಲ್ದಾಣಕ್ಕಿಂತ ಸರಳ. ಡಿಸ್ನಿಲ್ಯಾಂಡಿಗೆ ಹೋಗುವವರು ಹಿಡಿಯಬೇಕಾದ ಜೆಆರ್‌ನ ಕೇಯ್ಯೋ ಮಾರ್ಗದ (ಇದು ಮೇಲೆ ಹೇಳಿದ ಕೇಯೋ ಅಲ್ಲ) ಪ್ಲಾಟ್‌ಫಾರ್ಮುಗಳು ಟೋಕಿಯೋ ನಿಲ್ದಾಣದ ಉಳಿದ ಭಾಗದಿಂದ ಬಹಳ ದೂರ, ನೆಲದಡಿಯಲ್ಲಿವೆ. ಅಲ್ಲಿ ಬದಲಿಸಲು ಇಪ್ಪತ್ತು ನಿಮಿಷ ಕೈಯಲ್ಲಿಟ್ಟುಕೊಳ್ಳಿ. ಉಎನೋ ಅಥವಾ ಗಿಂಜಾ ಬಳಿ ತಂಗಿದವರು ಹಿಬಿಯಾ ಸುರಂಗ ಮಾರ್ಗದಲ್ಲಿ ಹಾಚ್ಚೋಬೋರಿಗೆ ಹೋಗಿ ಅಲ್ಲಿ ಕೇಯ್ಯೋ ಮಾರ್ಗವನ್ನು ಸೇರಿದರೆ ಆ ನಡಿಗೆ ತಪ್ಪುತ್ತದೆ.

ಶಿಂಕಾನ್‌ಸೆನ್‌ಗೆ ಕಾಗದದ ಟಿಕೆಟ್ ಕೊಂಡಾಗ ಪ್ರಯಾಣದರದ ಟಿಕೆಟ್ ಮತ್ತು ಎಕ್ಸ್‌ಪ್ರೆಸ್ ಟಿಕೆಟ್ ಎಂದು ಎರಡು ಬೇರೆ ಬೇರೆ ಚೀಟಿಗಳು ಕೈಗೆ ಬರುವುದುಂಟು. ಎರಡನ್ನೂ ಒಂದರ ಮೇಲೊಂದಿಟ್ಟು ಗೇಟಿನ ಕಿಂಡಿಗೆ ಹಾಕಬೇಕು, ಆಚೆ ಬದಿಯಲ್ಲಿ ಹೊರಬಂದವನ್ನು ಮರೆಯದೆ ತೆಗೆದುಕೊಳ್ಳಬೇಕು. ಸ್ಥಳೀಯ ರೈಲಿನಲ್ಲಿ ಸುಯ್ಕಾ ಬಳಸಿ ಬಂದವರು ಬದಲಾವಣೆ ಗೇಟಿನಲ್ಲಿ ಮೊದಲು ಚೀಟಿಗಳನ್ನು ಹಾಕಿ, ಆಮೇಲೆ ಕಾರ್ಡು ಮುಟ್ಟಿಸಬೇಕು. ಸುಯ್ಕಾ ದೇಶದ ಅನೇಕ ನಗರಗಳಲ್ಲಿ ನಡೆಯುತ್ತದೆ, ನಿಜ. ಆದರೆ ಟೋಕಿಯೋ ವಲಯದಲ್ಲಿ ಒಳಹೊಕ್ಕು ಸಾಮಾನ್ಯ ರೈಲುಗಳಲ್ಲೇ ಒಸಾಕಾ ವಲಯಕ್ಕೆ ಹೋಗಿ ಅದೇ ಕಾರ್ಡಿನಿಂದ ಹೊರಬರಲಾಗದು.

ದೊಡ್ಡ ಸೂಟ್‌ಕೇಸ್ ಇದ್ದವರು ಬೆಳಿಗ್ಗೆ ಏಳೂವರೆಯಿಂದ ಒಂಬತ್ತರವರೆಗೆ ಶಿಂಜುಕುವಿಗೆ ಬರದಿರುವುದು ಲೇಸು. ತಪ್ಪಿಸಲಾಗದಿದ್ದರೆ ಪ್ಲಾಟ್‌ಫಾರ್ಮಿನಲ್ಲಿ ಜನ ಹೋಗುವವರೆಗೆ ಒಂದು ಬದಿಯಲ್ಲಿ ನಿಂತು, ಆಮೇಲೆ ಲಿಫ್ಟು ಹುಡುಕಬೇಕು. ನಿಲ್ಲುವಾಗ ನೆಲದ ಹಳದಿ ಉಬ್ಬುಪಟ್ಟಿಯ ಮೇಲೆ ಸಾಮಾನು ಇಡಬೇಡಿ. ಅದು ಕಣ್ಣು ಕಾಣದವರ ದಾರಿ. 1967ರಲ್ಲಿ ಒಕಾಯಾಮಾದಲ್ಲಿ ಮೊದಲು ಹಾಸಿದ ಈ ಪಟ್ಟಿಗಳನ್ನು ನಂಬಿ ಇಂದು ಅಸಂಖ್ಯ ಜನ ಒಬ್ಬರೇ ಓಡಾಡುತ್ತಾರೆ. ತೋಕಾಯ್ದೋ ಶಿಂಕಾನ್‌ಸೆನ್ ಹತ್ತುವವರ ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳ ಮೊತ್ತ 160 ಸೆಂಟಿಮೀಟರ್ ಮೀರಿದರೆ, ಅದಕ್ಕೆ ಜಾಗವಿರುವ ಸೀಟನ್ನು ಮೊದಲೇ ಕಾಯ್ದಿರಿಸಬೇಕು.

ತಪ್ಪು ಗೇಟಿನಲ್ಲಿ ಕಾರ್ಡು ಮುಟ್ಟಿಸಿ ಒಳಹೋದರೆ ಗಾಬರಿಯಾಗುವುದು ಬೇಡ. ಸಾಮಾನ್ಯವಾಗಿ ಗೇಟುಗಳ ಸಾಲಿನ ಕೊನೆಯಲ್ಲಿ ಸಿಬ್ಬಂದಿಯ ಕಿಟಕಿಯೊಂದಿರುತ್ತದೆ. ಅಲ್ಲಿ ಕಾರ್ಡು ಕೊಟ್ಟು, ಹೋಗಬೇಕಾದ ನಿಲ್ದಾಣದ ಹೆಸರನ್ನು ಫೋನಿನಲ್ಲಿ ತೋರಿಸಿದರೆ ಅವರು ಸರಿಪಡಿಸಿ ಕಳುಹಿಸುತ್ತಾರೆ. ಟಿಕೆಟಿನ ಮೊತ್ತ ಸಾಲದೆ ಬಂದರೆ ಗೇಟಿನ ಒಳಬದಿಯಲ್ಲಿರುವ ದರ ಸರಿಪಡಿಸುವ ಯಂತ್ರದಲ್ಲಿ ಉಳಿದ ಹಣ ಕಟ್ಟಬಹುದು, ದಂಡವೇನೂ ಇಲ್ಲ. ತಪ್ಪು ದಿಕ್ಕಿನ ಯಾಮಾನೋತೆ ಹತ್ತಿದ್ದರೆ ಮುಂದಿನ ನಿಲ್ದಾಣದಲ್ಲಿ ಇಳಿದು, ಗೇಟು ದಾಟದೆ, ಹಿಂದಿರುಗುವ ರೈಲು ಹಿಡಿಯಿರಿ. ರಾತ್ರಿ ಮಾತ್ರ ಇಷ್ಟು ನಿಶ್ಚಿಂತೆ ಸಲ್ಲದು: ನಡುರಾತ್ರಿ ಕಳೆದು ಒಂದು ಗಂಟೆಯೊಳಗೆ ಹೆಚ್ಚಿನ ಮಾರ್ಗಗಳ ಕೊನೆಯ ರೈಲು ಹೊರಟುಹೋಗುತ್ತದೆ, ಎರಡು ಮೂರು ಕಡೆ ಬದಲಿಸಬೇಕಾದವರಿಗೆ ಅದಕ್ಕಿಂತ ಬಹಳ ಮೊದಲೇ ದಾರಿ ಮುಚ್ಚುತ್ತದೆ. ಅಂಥವರು ಸಂಜೆಯೇ ಕೊನೆಯ ಸಂಪರ್ಕದ ಸಮಯವನ್ನು ನೋಡಿಟ್ಟುಕೊಂಡಿರಬೇಕು.