ಟೇಪಿಲ್ಲದೆ, ಕ್ಯಾಮೆರಾ ಇಲ್ಲದೆ ಚೆಂಡಿನ ಪುಟಿತ ಅಳೆದ ಬಗೆ

ಸದ್ದು ಕೇಳಿ ಎತ್ತರ ಹೇಳುವುದು ಆಗದ ಮಾತು ಎಂದವರೇ ಹೆಚ್ಚು. ಈಗ ಮೊಬೈಲಿನ ಒಂದು ಧ್ವನಿಮುದ್ರಣ ಸಾಕು, ಟೆನಿಸ್ ಚೆಂಡು ಎಷ್ಟು ಪುಟಿಯಿತು ಎಂಬುದನ್ನು ಎರಡು ಮಿಲಿಮೀಟರ್ ಆಚೀಚೆಯಲ್ಲಿ ಹೇಳುತ್ತೇನೆ.

ಗೋಡೆಗೆ ಟೇಪ್ ಅಂಟಿಸಿ ಕಣ್ಣಳತೆಯಲ್ಲಿ ನೋಡಿದಾಗ ಒಂದೇ ಚೆಂಡಿಗೆ 3–4 ಸೆಂ.ಮೀ. ವ್ಯತ್ಯಾಸ ಬರುತ್ತಿತ್ತು. ಕಣ್ಣು ಹಿಡಿಯುವುದು ಚೆಂಡಿನ ನೆತ್ತಿಯನ್ನು, ಅಳೆಯಬೇಕಾದದ್ದು ತಳವನ್ನು, ನಡುವೆ 6.7 ಸೆಂ.ಮೀ. ಇದೆ. ಆಮೇಲೆ ವೇಗದ ಕ್ಯಾಮೆರಾಗೆ ಸುರಿದ ದುಡ್ಡಂತೂ ನೀರಲ್ಲಿ ಹೋಮ. ತುತ್ತತುದಿಯಲ್ಲಿ ಚೆಂಡು ನಿಂತಂತೆಯೇ ಇರುತ್ತದೆ, ಸೆಕೆಂಡಿಗೆ 30 ಫ್ರೇಮಿನ ಸಾಧಾರಣ ವಿಡಿಯೋದಲ್ಲೂ ಅಲ್ಲಿ ತಪ್ಪುವುದು ಒಂದೆರಡು ಮಿಲಿಮೀಟರ್ ಅಷ್ಟೆ. ಅಳತೆ ಕೆಡಿಸುತ್ತಿದ್ದದ್ದು ಲೆನ್ಸಿನ ಕೋನ: ಚೆಂಡು ಟೇಪಿಗಿಂತ ಒಂದು ಗೇಣು ಮುಂದಿರುತ್ತದೆ. ಎಷ್ಟು ಬೆಲೆಯ ಕ್ಯಾಮೆರಾ ತಂದರೂ ಆ ಕೋನ ಹೋಗುವುದಿಲ್ಲ.

ಸದ್ದಿಗೆ ಈ ಕಾಟವಿಲ್ಲ. ಎರಡು ಬಡಿತಗಳ ನಡುವಿನ ಸೆಕೆಂಡನ್ನು ವರ್ಗ ಮಾಡಿ 122.5ರಿಂದ ಗುಣಿಸಿದರೆ ನಡುವೆ ಚೆಂಡು ಏರಿದ ಎತ್ತರ ಸೆಂ.ಮೀ.ನಲ್ಲಿ ಸಿಗುತ್ತದೆ, ಅದೂ ತಳದಿಂದ. ಒಂದು ಮೀಟರಿನಿಂದ ಬಿಟ್ಟ ಹೊಸ ಟೆನಿಸ್ ಚೆಂಡಿಗೆ ಮೊದಲ ಅಂತರ 0.69 ಸೆಕೆಂಡು, ಎರಡನೆಯದು 0.53ರ ಸುಮಾರು. ಅಂದರೆ 58 ಸೆಂ.ಮೀ., ಆಮೇಲೆ 34. ಎರಡನೆಯ ಅಂತರದ ಸೆಕೆಂಡನ್ನು ಮೊದಲನೆಯದರಿಂದ ಭಾಗಿಸಿದರೆ 0.77, ಅದೇ ಪುಟಿತದ ಗುಣಾಂಕ, ಅಂದರೆ ಬಡಿದ ವೇಗದಲ್ಲಿ ಎಷ್ಟು ಪಾಲು ಮರಳಿತು ಎಂಬ ಅಂಕಿ. ಈ ಭಾಗಾಕಾರಕ್ಕೆ ಬಿಟ್ಟ ಎತ್ತರವೂ ಬೇಡ, ಗುರುತ್ವವೂ ಬೇಡ; ಕೈ ಒಂದಿಂಚು ಮೇಲಿದ್ದರೂ ಉತ್ತರ ಹೆಚ್ಚುಕಡಿಮೆ ಅದೇ. 58 ಗ್ರಾಮಿನ ಚೆಂಡಿನಲ್ಲಿದ್ದ ಸುಮಾರು 0.57 ಜೂಲ್‌ನಲ್ಲಿ 0.24ರಷ್ಟು ಮೊದಲ ಬಡಿತಕ್ಕೇ ಹೋಯಿತು, ಬಹುಪಾಲು ರಬ್ಬರಿನ ಬಿಸಿಯಾಗಿ.

ಮುದ್ರಣ ಮೊದಮೊದಲು ಕೈಕೊಟ್ಟಿತು. ಮೊಬೈಲಿನ ಗದ್ದಲ ತಗ್ಗಿಸುವ ಸೆಟ್ಟಿಂಗ್ ಐದನೇ ಬಡಿತದಿಂದಾಚೆಗಿನ ಸದ್ದುಗಳನ್ನೆಲ್ಲ ನುಂಗಿಹಾಕುತ್ತಿತ್ತು. ಅದನ್ನು ಆಫ್ ಮಾಡಿ, ಕುಗ್ಗಿಸದ ವೇವ್ (WAV) ಫೈಲಿನಲ್ಲೇ ಮುದ್ರಿಸಬೇಕು. ಎಡಿಟರಿನಲ್ಲಿ ಹಿಗ್ಗಿಸಿ ನೋಡುವಾಗ ತರಂಗದ ಶಿಖರ ಹಿಡಿಯಬೇಡಿ. ಸದ್ದು ಏಳುವ ಮೊದಲ ಚೂಪನ್ನು ಹಿಡಿಯಿರಿ. ಪ್ರತಿಧ್ವನಿ ಇರುವ ಕೋಣೆಯಲ್ಲಿ ಶಿಖರ ಕೆಲವು ಮಿಲಿಸೆಕೆಂಡು ಜಾರುತ್ತದೆ. ಮರದ ನೆಲದಲ್ಲಿ ಮಾಡಲೇಬೇಡಿ: ನೆಲವೇ ಶಕ್ತಿ ಹೀರುತ್ತದೆ, ಚೆಂಡಿನ ಮೇಲೆ ಅಪವಾದ ಬರುತ್ತದೆ. ತಿರುಗದಂತೆ ಚೆಂಡು ಬಿಡಲು ನನ್ನದೊಂದು ಉಪಾಯವಿದೆ, ಅದನ್ನು ಇಲ್ಲಿ ಬಿಚ್ಚಿಡುವುದಿಲ್ಲ. ತಿರುಗಿದ ಚೆಂಡು ಪಕ್ಕಕ್ಕೆ ಹೋಗುತ್ತದೆ, 30 ಸೆಂ.ಮೀ. ಸರಿದರೆ ಸದ್ದು ಬರುವ ದಾರಿಯಲ್ಲೇ ಸುಮಾರು ಒಂದು ಮಿಲಿಸೆಕೆಂಡು ಕೆಡುತ್ತದೆ.

ಟೇಬಲ್ ಟೆನಿಸ್ ಚೆಂಡಿನಲ್ಲೂ ಮಾಡಿದೆ. ಒಂದು ಮೀಟರಿನಿಂದ ಬಿಟ್ಟರೆ ಗುಣಾಂಕ ಬಡಿತದಿಂದ ಬಡಿತಕ್ಕೆ ಏರುತ್ತಾ ಹೋಯಿತು. ಲೆಕ್ಕ ಸರಿಯಾಗಿಯೇ ಇತ್ತು, ಅದು ಗಾಳಿಯ ಕೆಲಸ: 2.7 ಗ್ರಾಮಿನ ಚೆಂಡಿಗೆ ನೆಲ ಮುಟ್ಟುವ ವೇಗದಲ್ಲಿ ಗಾಳಿಯ ಎಳೆತ ತೂಕದ ಕಾಲು ಭಾಗದ ಹತ್ತಿರ ಬರುತ್ತದೆ. 30 ಸೆಂ.ಮೀ.ನಿಂದ ಬಿಟ್ಟ ಮೇಲೆ ಅಂಕಿ ಹದಕ್ಕೆ ಬಂತು. ಬ್ಯಾಸ್ಕೆಟ್‌ಬಾಲ್ ಮೇಲೆ ಟೆನಿಸ್ ಚೆಂಡು ಕೂರಿಸಿ ಬಿಟ್ಟದ್ದೂ ಉಂಟು. ಮೇಲಿನ ಚೆಂಡು ಬಿಟ್ಟ ಎತ್ತರದ ಒಂಬತ್ತು ಪಟ್ಟು ಏರಬೇಕೆಂಬ ಆದರ್ಶ ಲೆಕ್ಕ ಎಲ್ಲಿ, ಸಿಕ್ಕಿದ್ದು ಮೂರು ಪಟ್ಟಿನ ಆಸುಪಾಸು. ಅಲ್ಲಿ 122.5ರ ಲೆಕ್ಕ ನಡೆಯುವುದಿಲ್ಲ; ಚೆಂಡು ಹೊರಡುವುದು ದೊಡ್ಡ ಚೆಂಡಿನ ನೆತ್ತಿಯಿಂದ, ಬೀಳುವುದು ನೆಲಕ್ಕೆ.

ಅಂತರರಾಷ್ಟ್ರೀಯ ಟೆನಿಸ್ ನಿಯಮದಲ್ಲಿ ಸಾಮಾನ್ಯ ಬಗೆಯ ಚೆಂಡು 254 ಸೆಂ.ಮೀ.ನಿಂದ ಬಿದ್ದರೆ 135ರಿಂದ 147 ಸೆಂ.ಮೀ. ಏರಬೇಕು. ನನ್ನ 0.77ನ್ನು ಇದಕ್ಕೆ ನೇರವಾಗಿ ಹೋಲಿಸಬಾರದು. ಆ ಎತ್ತರದಿಂದ ಚೆಂಡು ಸೆಕೆಂಡಿಗೆ 7 ಮೀಟರ್ ವೇಗದಲ್ಲಿ ಬಡಿಯುತ್ತದೆ, ಹೆಚ್ಚು ಚಪ್ಪಟೆಯಾಗುತ್ತದೆ, ಹೆಚ್ಚು ಕಳೆದುಕೊಳ್ಳುತ್ತದೆ. ಏಣಿ ಹತ್ತಿ ಅದೇ ಎತ್ತರದಿಂದ ಬಿಟ್ಟಾಗ 0.74 ಬಂತು. ಈಗ ಗುಣಿಸುವ ಗೋಜಿಗೂ ಹೋಗುವುದಿಲ್ಲ: ಮೊದಲೆರಡು ಬಡಿತಗಳ ನಡುವೆ 1.05ರಿಂದ 1.095 ಸೆಕೆಂಡು ಇದ್ದರೆ ಆ ಚೆಂಡು ಪಾಸು.